ಗಾಡಿಯ ಕಮಾನು ಕಿರುಗುಟ್ಟುವುದೇಕೆ?

ಕಳೆದ ವರ್ಷದ ಸ್ನೇಹ ಸಮ್ಮೇಳನದ ಮುನ್ನಾದಿನ ಒಂದು ಪಿಕ್‌ಅಪ್ ಗಾಡಿಯು ನಾಟಕದ ಪರದೆಗಳನ್ನೂ ಬಾಡಿಗೆಯ ಕುರ್ಚಿಗಳನ್ನೂ ಹೊತ್ತು ನಮ್ಮ ಶಾಲೆಯ ಅಂಗಳಕ್ಕೆ ಬಂದುದನ್ನು ವಿದ್ಯಾರ್ಥಿಗಳಲ್ಲಿ ಹಲವರು ಮರೆತಿರಲಾರರು. ಅದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿತ್ತು. ಹೆಬ್ಬಾಗಿಲ ಮುಂದಣ ರಸ್ತೆಯುಬ್ಬನ್ನು ಹತ್ತಿ ಇಳಿಯುವಾಗ ಅದರ ಹಿಂದಿನ ಚಕ್ರಗಳ ಬಳಿಯಿಂದ, ಹಳೆಯ ಮಂಚದ ಮೇಲೆ ದಪ್ಪನೆಯ ಮನುಷ್ಯನೊಬ್ಬನು ಮಗ್ಗುಲು ಬದಲಿಸಿದಂತೆ, ‘ಕಿರ್ರ್... ಕಿರ್ರ್’ ಎಂಬ ಸದ್ದು ಹೊರಟಿತು. ಹುಡುಗರು ನಕ್ಕರು. ಒಬ್ಬನಂತೂ ಆ ಸದ್ದನ್ನು ಅಣಕಿಸಿ ತೋರಿಸಿದನು. ಗಾಡಿಯ ಮಾಲಕರು ಎಂಟನೆಯ ಇಯತ್ತೆಯಲ್ಲಿ ಓದುವ ನಮ್ಮ ಹುಡುಗನೊಬ್ಬನ ತಂದೆ. ಆ ಹುಡುಗನು ಮಾತ್ರ ನಗದೆ, ಕುರ್ಚಿ ಇಳಿಸುವ ನೆವದಿಂದ ಗಾಡಿಯ ಮರೆಗೆ ಸರಿದುದನ್ನು ನಾವು ಕಂಡೆವು.

“ಮಾಸ್ತರ, ಹಳೇ ಗಾಡಿ ಐತ್ರಿ, ಒದರತೈತಿ. ನಾಕ್ ಹನಿ ಎಣ್ಣಿ ಬಿಟ್ರ ಸುಮ್ಮ ಆಕ್ಕೈತಿ” ಎಂದು ಆ ತಂದೆ ನಮಗೆ ಸಮಾಧಾನ ಹೇಳಿದರು. ಎಂಟನೆಯ ಇಯತ್ತೆಗೆ ಘರ್ಷಣೆಯ ಪಾಠ ಹೇಳುವವರು ನಾವೇ; ಎಣ್ಣೆಯಿಂದ ಘರ್ಷಣೆ ಕಡಿಮೆಯಾಗುತ್ತದೆಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದವರು. ಆದುದರಿಂದ “ಹೌದ್ರಿ, ಹಾಕ್ರಿ” ಎಂದು ತಲೆಯಾಡಿಸಿದೆವು. ಹಾಗೆ ತಲೆಯಾಡಿಸಿದುದು ತಪ್ಪಾಯಿತೆಂದು ಹತ್ತು ದಿನಗಳ ಮೇಲೆ ತಿಳಿಯಿತು. ಆ ತಪ್ಪಿನ ತರುವಾಯ ಓದಿ, ಕೇಳಿ, ಕಣ್ಣಾರೆ ಕಂಡು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸದ್ದು ಹೊರಟದ್ದು ಗಾಡಿಯ ಹಿಂಬದಿಯ ಕಮಾನಿನಿಂದ. ಮುಂಬಯಿಯ ಗ್ಯಾರೇಜುಗಳಲ್ಲಿ ಇದಕ್ಕೆ ‘ಪಾಟಾ’ ಎನ್ನುತ್ತಾರೆ. ನಮ್ಮ ವಿಜಯಪುರದ ಕಡೆಯ ಲಾರಿಯವರ ಬಾಯಲ್ಲಿ ಇದು ‘ಕಮಾನು’. ನಿಂತ ಗಾಡಿಯ ಹಿಂಚಕ್ರದ ಪಕ್ಕದಲ್ಲಿ ಬಗ್ಗಿ ನೋಡಿದರೆ (ಬಗ್ಗಿ ನೋಡುವುದು ಸಾಕು, ಒಳಕ್ಕೆ ನುಸುಳತಕ್ಕದ್ದಲ್ಲ) ಉಕ್ಕಿನ ಉದ್ದನೆಯ ಪಟ್ಟಿಗಳನ್ನು ಒಂದರ ಕೆಳಗೊಂದು ಪೇರಿಸಿ ಬಿಗಿದ ಕಟ್ಟು ಕಾಣುತ್ತದೆ. ಮೇಲಿನ ಪಟ್ಟಿ ಎಲ್ಲಕ್ಕೂ ಉದ್ದ. ಕೆಳಗಿನವು ಒಂದಕ್ಕಿಂತ ಒಂದು ಗಿಡ್ಡ. ಮೇಲಿನ ಪಟ್ಟಿಯ ಎರಡೂ ತುದಿಗಳನ್ನು ಸುರುಳಿಯಾಗಿ ಸುತ್ತಿ ‘ಕಣ್ಣು’ ಮಾಡಿರುತ್ತಾರೆ. ಕಣ್ಣಿನೊಳಗೆ ರಬ್ಬರಿನ ಬುಶ್ ಇರುತ್ತದೆ. ಮುಂದಿನ ಕಣ್ಣನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಬೋಲ್ಟಿನಿಂದ ನೇರವಾಗಿ ಸಿಕ್ಕಿಸಿರುತ್ತಾರೆ. ಹಿಂದಿನ ಕಣ್ಣನ್ನು ಹಾಗೆ ಸಿಕ್ಕಿಸುವಂತಿಲ್ಲ. ಏಕೆಂದರೆ ಭಾರ ಬಿದ್ದಾಗ ಬಾಗಿದ ಪಟ್ಟಿ ನೇರವಾಗಿ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಆ ಹೆಚ್ಚುವರಿಗೆ ಎಡೆ ಬೇಕು. ಅದಕ್ಕಾಗಿ ಹಿಂದಿನ ಕಣ್ಣನ್ನು ಉಯ್ಯಾಲೆಯ ಸರಪಳಿಯಂತೆ ಅತ್ತಿತ್ತ ತೂಗುವ ಒಂದು ಕೊಂಡಿಗೆ ಸೇರಿಸುತ್ತಾರೆ. ಇದಕ್ಕೆ ಶ್ಯಾಕಲ್ ಎಂದು ಹೆಸರು. ಪಟ್ಟಿಗಳ ನಟ್ಟನಡುವೆ ಎಲ್ಲವನ್ನೂ ಪೋಣಿಸಿದ ಒಂದು ಸೆಂಟರ್ ಬೋಲ್ಟು, ಅದರ ಎರಡು ಪಕ್ಕಗಳಲ್ಲಿ ಇಡೀ ಕಟ್ಟನ್ನು ಆಕ್ಸಲಿಗೆ ಅಪ್ಪಿ ಹಿಡಿದ ಯು ಬೋಲ್ಟುಗಳು. ಇಷ್ಟೇ ಇದರ ಸಂಸಾರ.

ಒಂದೇ ದಪ್ಪ ಪಟ್ಟಿಯನ್ನು ಹಾಕಿದ್ದರೆ ಈ ಸಂಸಾರವೂ ಇರುತ್ತಿರಲಿಲ್ಲ, ಜಗಳವೂ ಇರುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ಇದಕ್ಕೆ ಗಣಿತವೇ ಉತ್ತರ ಕೊಡುತ್ತದೆ. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಪಟ್ಟಿಯ ಬಿಗುವನ್ನು ೧ ಎಂದು ಹಿಡಿಯಿರಿ. ಅಂತಹ ೮ ಪಟ್ಟಿಗಳನ್ನು ಸಡಿಲಾಗಿ ಪೇರಿಸಿದರೆ ಒಟ್ಟು ಬಿಗುವು ೮. ಅದೇ ೮ ಪಟ್ಟಿಗಳ ದಪ್ಪದ ಒಂದೇ ಗಟ್ಟಿಯಾದರೆ ಬಿಗುವು ೮ × ೮ × ೮, ಅಂದರೆ ೫೧೨! ಅದು ಕಮಾನಾಗದೆ ತೊಲೆಯಾದೀತು. ರಸ್ತೆಯ ಪ್ರತಿಯೊಂದು ಕಲ್ಲೂ ಸಾಮಾನಿಗೆ ನೇರವಾಗಿ ತಾಗೀತು. ಇನ್ನೊಂದು ಮಾತೂ ಉಂಟು. ಒಂದೇ ಬಾಗಿಗೆ ಬಗ್ಗಿಸಿದಾಗ ದಪ್ಪ ಪಟ್ಟಿಯ ಮೇಲ್ಮೈ ತೆಳು ಪಟ್ಟಿಯ ಮೇಲ್ಮೈಗಿಂತ ಬಹಳ ಹೆಚ್ಚು ಹಿಗ್ಗಬೇಕಾಗುತ್ತದೆ; ಹಿಗ್ಗಲಾರದೆ ಬಿರಿಯುತ್ತದೆ. ತೆಳುವಾದ ಹಸಿ ಬರಲು ಬಾಗುತ್ತದೆ, ಅದೇ ಮರದ ದಪ್ಪ ಕೊಂಬೆ ಮುರಿಯುತ್ತದೆ. ಹೀಗಾಗಿ ಭಾರವನ್ನು ಹಲವು ತೆಳು ಪಟ್ಟಿಗಳಿಗೆ ಹಂಚಿದರು. ನಡುವೆ ಬಲ ಹೆಚ್ಚು ಬೇಕಾದುದರಿಂದ ಅಲ್ಲಿ ಎಲ್ಲ ಪಟ್ಟಿಗಳೂ ಇರುವಂತೆಯೂ, ತುದಿಗೆ ಹೋದಂತೆ ಒಂದೊಂದೇ ಕಡಿಮೆಯಾಗುವಂತೆಯೂ ಗಿಡ್ಡ ಮಾಡುತ್ತ ಬಂದರು.

ಆದರೆ ಹಂಚಿಕೊಂಡವರ ನಡುವೆ ತಿಕ್ಕಾಟ ತಪ್ಪುವುದಿಲ್ಲ. ಈಗ ನಿಮ್ಮ ಇನ್ನೂರು ಪುಟದ ನೋಟುಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿರಿ. ತುದಿಯಲ್ಲಿ ಒಂದೇ ಮಟ್ಟಕ್ಕಿದ್ದ ಹಾಳೆಗಳು ಮೆಟ್ಟಿಲು ಮೆಟ್ಟಿಲಾಗಿ ಸರಿಯುವುದನ್ನು ಕಾಣುವಿರಿ. ಕಮಾನಿನಲ್ಲೂ ನಡೆಯುವುದು ಇದೇ. ಎಷ್ಟು ಸರಿಯುತ್ತದೆಂಬುದನ್ನು ಲೆಕ್ಕ ಹಾಕಲೂಬಹುದು: ಪಟ್ಟಿಯ ದಪ್ಪವನ್ನು ತುದಿ ತಿರುಗಿದ ಕೋನದಿಂದ ಗುಣಿಸಿದರಾಯಿತು, ಕೋನವನ್ನು ಮಾತ್ರ ರೇಡಿಯನ್ನುಗಳಲ್ಲಿ ಹಿಡಿಯಬೇಕು. ೮ ಮಿಲಿಮೀಟರು ದಪ್ಪದ ಪಟ್ಟಿಗಳಿದ್ದು, ಹಳ್ಳಕ್ಕೆ ಇಳಿದಾಗ ಅವುಗಳ ತುದಿ ೬ ಡಿಗ್ರಿ ತಿರುಗಿತೆನ್ನೋಣ. ೬ ಡಿಗ್ರಿಯೆಂದರೆ ಸುಮಾರು ೦.೧ ರೇಡಿಯನ್. ಆಗ ಒಂದು ಪಟ್ಟಿ ಇನ್ನೊಂದರ ಮೇಲೆ ಸರಿಯುವುದು ಸುಮಾರು ೦.೮ ಮಿಲಿಮೀಟರು. ಇಡೀ ಬೀದಿಯನ್ನು ತಿರುಗಿ ನೋಡುವಂತೆ ಮಾಡಿದ ಆ ಸದ್ದಿನ ಹಿಂದೆ ಇದ್ದ ಚಲನೆ ಒಂದು ಮಿಲಿಮೀಟರಿನಷ್ಟೂ ಇರಲಿಲ್ಲ!

ಸರಿದ ಮಾತ್ರಕ್ಕೆ ಸದ್ದಾಗಬೇಕೆಂದೇನೂ ಇಲ್ಲ. ನೋಟುಬುಕ್ಕಿನ ಹಾಳೆಗಳು ಕಿರುಗುಟ್ಟಲಿಲ್ಲವಷ್ಟೆ. ಸದ್ದಿಗೆ ಕಾರಣ ಬೇರೆ. ಅದನ್ನು ನೀವು ತರಗತಿಯಲ್ಲೇ ಹಲವು ಸಲ ಕೇಳಿ ಕಿವಿ ಮುಚ್ಚಿಕೊಂಡಿದ್ದೀರಿ. ಹೊಸ ಸೀಮೆಸುಣ್ಣವನ್ನು ಹಲಗೆಗೆ ನೆಟ್ಟಗೆ ಹಿಡಿದು ಗೆರೆ ಎಳೆದಾಗ ‘ಕೀಂಯ್’ ಎನ್ನುತ್ತದಲ್ಲವೇ? ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲ, ಕದಲಿದ ಮೇಲೆ ಅದನ್ನು ಜಾರಿಸಲು ಬೇಕಾಗುವ ಬಲಕ್ಕಿಂತ ಹೆಚ್ಚು. ಸುಣ್ಣವು ಹಲಗೆಗೆ ಕಚ್ಚಿ ನಿಲ್ಲುತ್ತದೆ. ಕೈ ತಳ್ಳುತ್ತಿರುವುದರಿಂದ ತುಸು ಬಳುಕುತ್ತದೆ. ತಾಳಲಾರದಾದಾಗ ತಟ್ಟನೆ ಜಾರುತ್ತದೆ. ಜಾರಿ ಒತ್ತಡ ಇಳಿದೊಡನೆ ಮತ್ತೆ ಕಚ್ಚುತ್ತದೆ. ಈ ಕಚ್ಚುವುದೂ ಜಾರುವುದೂ ಒಂದು ಸೆಕೆಂಡಿಗೆ ನೂರಾರು ಸಲ ನಡೆದರೆ ಅದೇ ನಾದ. ಪಿಟೀಲಿನ ತಂತಿಯ ಮೇಲೆ ಎಳೆಯುವ ಕೋಲಿಗೂ ನಾವು ಕಮಾನು ಎಂದೇ ಹೇಳುತ್ತೇವೆ. ಅದೂ ರಾಳದ ಪುಡಿ ಬಳಿದುಕೊಂಡು ತಂತಿಯನ್ನು ಕಚ್ಚಿ, ಬಿಟ್ಟು, ಕಚ್ಚಿ, ಬಿಟ್ಟು ಹಾಡಿಸುತ್ತದೆ. ಗಾಡಿಯ ಕಮಾನಿಗೆ ರಾಳದ ಬದಲು ತುಕ್ಕೂ ಧೂಳೂ ದೊರಕಿರುತ್ತವೆ, ಅಷ್ಟೇ ಭೇದ.

ಹಾಗಾದರೆ ಈ ತಿಕ್ಕಾಟ ಬರಿಯ ಕೇಡೇ ಎಂದರೆ, ಅಲ್ಲ. ಕಮಾನು ಒಮ್ಮೆ ಕುಣಿದರೆ ಕುಣಿಯುತ್ತಲೇ ಇರಲು ಬಯಸುತ್ತದೆ. ಪಟ್ಟಿಗಳ ನಡುವಣ ಘರ್ಷಣೆಯು ಆ ಕುಣಿತದ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸಿ ಅದನ್ನು ತಣಿಸುತ್ತದೆ. ಲಂಡನ್ನಿನ ಗಾಡಿ ಕಟ್ಟುವ ಕಸಬಿನ ಒಬಡಾಯ ಎಲಿಯಟ್ ಎಂಬವರು ೧೮೦೪ರಲ್ಲಿ ಇಂತಹ ಕಮಾನುಗಳನ್ನು ಕುದುರೆ ಗಾಡಿಗೆ ಜೋಡಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಆಗ ಕುಣಿತವನ್ನು ತಡೆಯುವ ಬೇರೆ ಸಾಧನವೇ ಇರಲಿಲ್ಲ. ಪಟ್ಟಿಗಳ ತಿಕ್ಕಾಟವೇ ಗತಿ. ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಕಾರಿಗೂ ಮುಂದೊಂದು ಹಿಂದೊಂದು ಅಡ್ಡ ಕಮಾನುಗಳಿದ್ದವು. ನಮ್ಮ ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಕೆಳಗೂ ಇವು ಇದ್ದವು. ೨೦೧೫ರಲ್ಲಿ ಉಚ್ಚ ನ್ಯಾಯಾಲಯವು ಆ ಸವಾರಿಗಳನ್ನು ನಿಲ್ಲಿಸಬೇಕೆಂದು ತೀರ್ಪಿತ್ತ ಮೇಲೆ ಅವು ಬೀದಿಯಿಂದ ಮರೆಯಾದವು. ಇಂದಿನ ಪಿಕ್‌ಅಪ್ ಗಾಡಿಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು ಬೇರೆ ಇರುತ್ತದೆ. ಆದುದರಿಂದ ಪಟ್ಟಿಗಳ ತಿಕ್ಕಾಟವಿಲ್ಲದಿದ್ದರೂ ನಡೆದೀತು; ತುಸು ಇದ್ದರೆ ತೊಂದರೆಯೂ ಇಲ್ಲ.

ಇಷ್ಟನ್ನು ನಾವು ಮೊದಲೇ ಬಲ್ಲವರಾಗಿದ್ದರೂ ಆ ದಿನ ಎಣ್ಣೆಗೇ ಒಪ್ಪುತ್ತಿದ್ದೆವೇನೋ. ಏಕೆಂದರೆ ನಮ್ಮ ಬಾಲ್ಯದ ನೆನಪೂ ಅದಕ್ಕೆ ಸಾಕ್ಷಿ ನುಡಿಯುತ್ತಿತ್ತು. ಊರಲ್ಲಿ ಅಜ್ಜನವರ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಬಿದಿರ ಗೊಟ್ಟವೊಂದು ತೂಗುತ್ತಿತ್ತು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದ ಆ ಕರಿಯ ಮುದ್ದೆಯನ್ನು ಅಚ್ಚಿಗೆ ಸವರಿದರೆ ಗಾಲಿಯ ಅಳು ನಿಲ್ಲುತ್ತಿತ್ತು. ಗಾಲಿ ನಿರಂತರ ತಿರುಗುವ ವಸ್ತು, ಅದಕ್ಕೆ ಎಣ್ಣೆ ಬೇಕೇ ಬೇಕು. ಕಮಾನು ತಿರುಗುವ ವಸ್ತುವಲ್ಲವೆಂಬುದೂ, ಅದರ ಸದ್ದುಗಳು ಹಲವು ಬಗೆಯವೆಂಬುದೂ ನಮಗೆ ಹೊಳೆಯಲಿಲ್ಲ.

ಆ ಗಾಡಿಯ ಜೀವನವನ್ನು ಸ್ವಲ್ಪ ಹೇಳಬೇಕು. ಬೆಳಗಿನ ಮೂರು ಗಂಟೆಗೆ ಅದು ವಾಶಿಯ ಸಗಟು ಪೇಟೆಯಲ್ಲಿರುತ್ತದೆ. ಟೊಮ್ಯಾಟೊ, ಈರುಳ್ಳಿ, ಕೋಸು ತುಂಬಿಕೊಂಡು ಖಾಡಿಯ ಸೇತುವೆ ದಾಟಿ, ಸಯಾನಿನ ಮೇಲೆ ಹಾದು, ಬೆಳಕು ಹರಿಯುವುದರೊಳಗೆ ಅಂಗಡಿಗಳಿಗೆ ಮುಟ್ಟಿಸಬೇಕು. ಬಾಡಿಗೆ ಖೇಪಿನ ಲೆಕ್ಕ, ತೂಕದ ಲೆಕ್ಕವಲ್ಲ. ಆದುದರಿಂದ ಮಾಲು ಕಳಿಸುವವರು ಒಂದು ಖೇಪಿನಲ್ಲಿ ಆದಷ್ಟು ಹೆಚ್ಚು ತುಂಬಿಸಲು ನೋಡುತ್ತಾರೆ. ಒಲ್ಲೆನೆಂದರೆ ಮರುದಿನ ಬೇರೆ ಗಾಡಿಯನ್ನು ಕರೆಯುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ನೀರಲ್ಲೇ ಓಡಾಟ. ಮೇಲೆ ಕಡಲ ಉಪ್ಪುಗಾಳಿ. ಪಟ್ಟಿಗಳ ಸಂದುಗಳಲ್ಲಿ ನಿಂತ ನೀರು ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸಂದುಗಳನ್ನು ಒಳಗಿನಿಂದ ಒತ್ತುತ್ತದೆ. ಮಳೆ ನಿಂತು, ಡಿಸೆಂಬರದ ಒಣ ಹವೆಯಲ್ಲಿ ನಮ್ಮ ಸಮ್ಮೇಳನದ ಹೊತ್ತಿಗೆ, ಕಮಾನು ಕಿರುಗುಟ್ಟದೆ ಇದ್ದೀತೆ?

ಮಾಲಕರು ಎಂಜಿನಿನಿಂದ ತೆಗೆದ ಹಳೆಯ ಎಣ್ಣೆಯನ್ನೇ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅದನ್ನು ಧಾರಾಳವಾಗಿ ಸುರಿದರು. ಗಾಡಿ ಮೂಗನಾಯಿತು. ಹುಡುಗನು ಮರುದಿನ ನಮ್ಮ ಬಳಿ ಬಂದು, “ಸರ್, ಈಗ ಬಾಯಿ ಮುಚ್ಚಿತ್ರಿ” ಎಂದು ಸಂತೋಷದಿಂದ ಹೇಳಿದನು. ನಾವೂ ಸಂತೋಷಪಟ್ಟೆವು.

ಹತ್ತನೆಯ ದಿನ ಗಾಡಿಯಿಂದ ಇನ್ನೊಂದು ಸದ್ದು ಬರತೊಡಗಿತು. ಇದು ‘ಕಿರ್ರ್’ ಅಲ್ಲ, ‘ಠಕ್’. ಹೊರಡುವಾಗ ಒಂದು ಠಕ್, ಬ್ರೇಕು ಹಾಕಿದಾಗ ಒಂದು ಠಕ್. ಖಾಲಿ ನಿಂತಾಗಲೂ ಗಾಡಿ ಎಡಕ್ಕೆ ತುಸು ವಾಲಿದಂತೆ ತೋರಿತು. ಆ ದಿನ ಶಾಲೆಯ ಪರದೆಗಳನ್ನು ಹಿಂದಿರುಗಿಸಲು ಅದೇ ಗಾಡಿಯಲ್ಲಿ ನಾವು ಮುಂದೆ ಕುಳಿತಿದ್ದೆವು. ಹುಡುಗನು ತಂದೆಗೂ ನಮಗೂ ನಡುವೆ ಕುಳಿತಿದ್ದನು. ದಾರಿಯಲ್ಲೇ ಒಂದು ಗ್ಯಾರೇಜಿಗೆ ಹೊಕ್ಕೆವು.

ಅಲ್ಲಿಯ ಮಿಸ್ತ್ರಿ ಅರವತ್ತರ ವಯಸ್ಸಿನವರು. ಅವರು ಗಾಡಿಯ ಕೆಳಗೆ ಹೋಗಲೂ ಇಲ್ಲ, ಪಾನಾ ಹಿಡಿಯಲೂ ಇಲ್ಲ. ಮೊದಲು ಮಾಲಕರನ್ನು ಪ್ರಶ್ನೆಗಳಿಂದ ಪರೀಕ್ಷಿಸಿದರು. ಸದ್ದು ಯಾವಾಗ ಬರುತ್ತದೆ? ಭಾರ ತುಂಬಿದಾಗಲೋ, ಖಾಲಿ ಇದ್ದಾಗಲೋ? ಉಬ್ಬು ದಾಟುವಾಗಲೋ, ತಿರುವಿನಲ್ಲೋ? ಮಳೆಯಲ್ಲಿ ನಿಲ್ಲುತ್ತದೆಯೋ? ವೈದ್ಯರು ಕೆಮ್ಮಿನ ವಿಚಾರ ಕೇಳಿದಂತೆಯೇ ಇತ್ತು. ಈ ಪ್ರಶ್ನೆಗಳ ಅರ್ಥವನ್ನು ಅವರು ಆಮೇಲೆ ತಮ್ಮ ಹಿಂದಿ–ಮರಾಠಿ ಬೆರೆತ ಮಾತಿನಲ್ಲಿ ನಮಗೆ ಬಿಡಿಸಿ ಹೇಳಿದರು. ಉಬ್ಬಿನ ಮೇಲೆ ನಿಧಾನವಾಗಿ ಏಳುವ ಒಣ ಕಿರುಗುಟ್ಟುವಿಕೆ ಹೆಚ್ಚಾಗಿ ಪಟ್ಟಿಗಳ ಸಂದಿನದು, ಇಲ್ಲವೇ ಒಣಗಿದ ಬುಶ್ಶಿನದು. ಅದು ಗಾಡಿಯನ್ನು ಕೊಲ್ಲುವುದಿಲ್ಲ. ಖಾಲಿ ಗಾಡಿ ಕುಣಿಯುವಾಗ ‘ಟಕಟಕ’ ಬಡಿದರೆ ಪಟ್ಟಿಗಳನ್ನು ಹಿಡಿದಿಟ್ಟ ಕ್ಲಿಪ್ಪು ಸಡಿಲವಾಗಿರಬಹುದು. ಭಾರವಿಲ್ಲದಾಗ ಪಟ್ಟಿಗಳ ತುದಿಗಳು ಅಗಲಿ ಮತ್ತೆ ಕೂಡಿ ಬಡಿದುಕೊಳ್ಳುತ್ತವೆ. ಆದರೆ ಹೊರಡುವಾಗ, ನಿಲ್ಲುವಾಗ ಬರುವ ಭಾರವಾದ ‘ಠಕ್’ ಬೇರೆ ಜಾತಿಯದು. ಎಂಜಿನು ತಿರುಗಿಸಿದ ಆಕ್ಸಲು ಗಾಡಿಯನ್ನು ಮುಂದಕ್ಕೆ ತಳ್ಳುವುದೂ, ಬ್ರೇಕು ಹಾಕಿದಾಗ ಹಿಡಿದು ನಿಲ್ಲಿಸುವುದೂ ಈ ಕಮಾನಿನ ಮೂಲಕವೇ. ಅಂತಹ ಹೊತ್ತಿನಲ್ಲಿ ಠಕ್ ಎಂದರೆ ಎಲ್ಲೋ ಹಿಡಿತ ತಪ್ಪಿದೆ: ಯು ಬೋಲ್ಟು ಸಡಿಲಾಗಿರಬೇಕು, ಸೆಂಟರ್ ಬೋಲ್ಟು ತುಂಡಾಗಿರಬೇಕು, ಬುಶ್ಶು ತಿಂದುಹೋಗಿರಬೇಕು, ಇಲ್ಲವೇ ಪಟ್ಟಿಯೇ ಮುರಿದಿರಬೇಕು.

ಕಿರುಗುಟ್ಟುವ ಸ್ಥಳವನ್ನು ಹುಡುಕುವ ಸುಲಭೋಪಾಯವನ್ನೂ ಅವರು ತಿಳಿಸಿದರು. ಅದು ಬರಿಯ ನೀರು. ಇಬ್ಬರು ಹಿಂಬದಿಯ ಹಲಗೆಯನ್ನು ಅದುಮಿ ಬಿಡುತ್ತ ಗಾಡಿಯನ್ನು ಕುಣಿಸಬೇಕು. ಇನ್ನೊಬ್ಬರು ಪಕ್ಕದಲ್ಲಿ ನಿಂತು, ಒಮ್ಮೆ ಮುಂದಿನ ಕಣ್ಣಿಗೆ, ಒಮ್ಮೆ ಶ್ಯಾಕಲಿಗೆ, ಒಮ್ಮೆ ಪಟ್ಟಿಯ ತುದಿಗಳಿಗೆ ಪಿಚಕಾರಿಯಿಂದ ನೀರು ಹೊಡೆಯಬೇಕು. ಎಲ್ಲಿ ತೊಯ್ದೊಡನೆ ಸದ್ದು ಅಡಗಿತೋ ಅದೇ ಸದ್ದಿನ ತವರು. ನೀರು ಒಣಗಿ ಹೋಗುತ್ತದೆ, ಏನನ್ನೂ ಕೆಡಿಸುವುದಿಲ್ಲ, ಏನನ್ನೂ ಮುಚ್ಚಿಡುವುದಿಲ್ಲ. ನಾವು ಎಣ್ಣೆಯ ಬದಲು ಮೊದಲು ನೀರು ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಮಿಸ್ತ್ರಿಯವರು ಅಳೆಯುವ ಪಟ್ಟಿ ತರಿಸಿ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿನವರೆಗೆ ಎರಡೂ ಪಕ್ಕದಲ್ಲಿ ಅಳೆಸಿದರು. ಎರಡೂ ಅಳತೆಗಳು ಸಮವಿದ್ದವು. “ದೇವರು ದೊಡ್ಡವನು, ಆಕ್ಸಲು ಇನ್ನೂ ತನ್ನ ಜಾಗದಲ್ಲಿದೆ” ಎಂದರು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂಚಕ್ರಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ತುಂಡುಗಳನ್ನು ಕೊಟ್ಟರು. ಚಾಸಿಯನ್ನು ಜಾಕಿನಿಂದ ಎತ್ತಿದರು. ಎತ್ತಿದ ಮೇಲೆ ಉಕ್ಕಿನ ಕುದುರೆಗಳನ್ನು ಕೆಳಗೆ ಇಟ್ಟು ಭಾರವನ್ನು ಅವುಗಳ ಮೇಲೆ ಇಳಿಸಿದರು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಿ ಪ್ರಾಣ ಕಳೆದುಕೊಂಡವರು ಉಂಟು; ಈ ಒಂದು ವಿಷಯದಲ್ಲಿ ಮಿಸ್ತ್ರಿಯವರು ಹುಡುಗನನ್ನು ಗದರಿಸಿಯೇ ದೂರ ನಿಲ್ಲಿಸಿದರು.

ಎಡಗಡೆಯ ಕಮಾನನ್ನು ಬಿಚ್ಚಿದರು. ಸೆಂಟರ್ ಬೋಲ್ಟನ್ನು ತೆಗೆಯುವ ಮೊದಲು ಪಟ್ಟಿಗಳನ್ನು ಬಲವಾದ ಹಿಡಿಕೆಯಲ್ಲಿ ಬಿಗಿದುಕೊಂಡರು. ಇಲ್ಲವಾದರೆ ಒಳಗೆ ಅಡಗಿದ ಬಲದಿಂದ ಅವು ಸಿಡಿಯುತ್ತವೆಯಂತೆ. ಪಟ್ಟಿಗಳು ಬೇರೆಯಾದವು. ಮೇಲಿನಿಂದ ಎರಡನೆಯದು ಸೆಂಟರ್ ಬೋಲ್ಟಿನ ರಂಧ್ರದ ಬಳಿ ಎರಡು ತುಂಡು!

ಮಿಸ್ತ್ರಿಯವರು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದ್ದನ್ನು ನಾವು ಮರೆಯಲಾರೆವು. ಮುರಿದ ಮುಖದ ಒಂದಂಶ ಹೊಸ ಉಕ್ಕಿನ ಬೂದು ಬಣ್ಣದಿಂದ ಮಿನುಗುತ್ತಿತ್ತು. ಉಳಿದ ಅರ್ಧಕ್ಕೂ ಮಿಕ್ಕ ಭಾಗ ತುಕ್ಕಿನಿಂದ ಕಪ್ಪಾಗಿತ್ತು. ಅಂದರೆ ಬಿರುಕು ಒಂದು ದಿನದಲ್ಲಿ ಆದುದಲ್ಲ. ರಂಧ್ರದ ಅಂಚಿನಲ್ಲಿ ಕೂದಲೆಳೆಯಷ್ಟು ಹುಟ್ಟಿ, ಪ್ರತಿಯೊಂದು ಬಾಗಿನಲ್ಲಿ ಇಷ್ಟಿಷ್ಟೇ ಬೆಳೆದು, ನೀರು ಕುಡಿದು ತುಕ್ಕು ಹಿಡಿದು, ಕೊನೆಗೆ ಉಳಿದ ಉಕ್ಕು ಭಾರ ತಾಳಲಾರದೆ ಒಮ್ಮೆಲೇ ಮುರಿದಿತ್ತು. ಲೋಹದ ದಣಿವು ಎನ್ನುವುದು ಇದಕ್ಕೇ. ಆ ತುಕ್ಕಿನ ಭಾಗದ ಮೇಲೆ ಎಣ್ಣೆಯ ಜಿಡ್ಡು ಹರಡಿತ್ತು. ಮಿನುಗುವ ಭಾಗದ ಮೇಲೆ ಇರಲಿಲ್ಲ. “ಎಣ್ಣೆ ಹಾಕಿದಾಗಲೇ ಬಿರುಕಿತ್ತು ನೋಡಿ” ಎಂದರು ಮಿಸ್ತ್ರಿ. ಹುಡುಗರು ನಕ್ಕಾಗ, ತಂದೆ ಸಮಾಧಾನ ಹೇಳಿದಾಗ, ನಾವು ತಲೆಯಾಡಿಸಿದಾಗ, ಅದು ಅಲ್ಲೇ ಇತ್ತು. ಆ ದಿನದ ‘ಕಿರ್ರ್’ ಆ ಬಿರುಕಿನದೇ ಆಗಿರಲಿಕ್ಕಿಲ್ಲ. ಆದರೆ ಆ ಸದ್ದಿನ ಕಾರಣಕ್ಕಾಗಿ ಬಗ್ಗಿ ನೋಡಬೇಕಾದವರು ಸದ್ದನ್ನೇ ಅಡಗಿಸಿ ಕೈತೊಳೆದುಕೊಂಡೆವು. ಎರಡನೆಯದು ಹೋದ ಮೇಲೆ ಅದರ ಭಾರವೆಲ್ಲ ಮೊದಲನೆಯ ಪಟ್ಟಿಗೆ. ಅದೂ ಮುರಿದಿದ್ದರೆ ಎಡಗಡೆಯ ಆಕ್ಸಲನ್ನು ಹಿಡಿಯುವವರೇ ಇಲ್ಲ. ಗಾಡಿ ಓಡುತ್ತಿರುವಾಗಲೇ ಹಿಂಚಕ್ರಗಳು ಓರೆಯಾಗುತ್ತಿದ್ದವು. ಖಾಡಿಯ ಸೇತುವೆಯ ಮೇಲೆ, ನಸುಕಿನ ಕತ್ತಲಲ್ಲಿ, ಭಾರ ತುಂಬಿದ ಗಾಡಿಗೆ ಹಾಗಾಗಿದ್ದರೆ ಎಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಹುಡುಗನು ತಂದೆಯ ಅಂಗಿಯ ಚುಂಗು ಹಿಡಿದು ನಿಂತಿದ್ದನು.

ಎಣ್ಣೆ ಮಾಡಿದ ಬೇರೆ ಹಾನಿಯೂ ಕಣ್ಣಿಗೆ ಬಿತ್ತು. ಪಟ್ಟಿಗಳ ನಡುವೆ ಎಣ್ಣೆಗೆ ರಸ್ತೆಯ ಧೂಳು ಅಂಟಿ, ಉಕ್ಕನ್ನು ತೇಯುವ ಕರಿಯ ಮುದ್ದೆಯಾಗಿತ್ತು. ಇದು ಅಜ್ಜನವರ ಕೀಲೆಣ್ಣೆಯಲ್ಲ, ಸಾಣೆಕಲ್ಲಿನ ಪುಡಿ. ಕಣ್ಣಿನೊಳಗಿನ ರಬ್ಬರಿನ ಬುಶ್ಶುಗಳು ಉಬ್ಬಿ ಮೆತ್ತಗಾಗಿದ್ದವು. ಖನಿಜ ತೈಲ ಸಾಮಾನ್ಯ ರಬ್ಬರಿಗೆ ಶತ್ರು. ಬುಶ್ಶೇ ಕಿರುಗುಟ್ಟುತ್ತಿದ್ದರೆ ಸಿಲಿಕೋನಿನಂತಹ, ರಬ್ಬರಿಗೆ ಒಗ್ಗುವ ದ್ರವ್ಯವನ್ನು ಮಾತ್ರ ಬಳಸತಕ್ಕದ್ದು, ಸವೆದಿದ್ದರೆ ಬದಲಿಸಲೇಬೇಕು.

ಮುರಿದ ಪಟ್ಟಿಯನ್ನು ಬೆಸುಗೆ ಹಾಕಿಸಿದರೆ ಕಡಿಮೆ ಖರ್ಚಿನಲ್ಲಿ ಆಗದೇ ಎಂದು ಮಾಲಕರು ಕೇಳಿದರು. ಮಿಸ್ತ್ರಿಯವರು ಒಪ್ಪಲಿಲ್ಲ. ಕಮಾನಿನ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಸಿಲಿಕಾನು, ಮ್ಯಾಂಗನೀಸು ಅಥವಾ ಕ್ರೋಮಿಯಂ ಬೆರೆತುದು. ಅದನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಬಾಗುವ ಗುಣ ತಂದಿರುತ್ತಾರೆ. ಬೆಸುಗೆಯ ಬೆಂಕಿಯಲ್ಲಿ ಆ ಹದವೆಲ್ಲ ಹಾರಿಹೋಗಿ, ಬೆಸುಗೆಯ ಮಗ್ಗುಲಲ್ಲೇ ಗಾಜಿನಂತೆ ಮುರಿಯುವ ಜಾಗವೊಂದು ಹುಟ್ಟುತ್ತದೆ. ಇನ್ನೊಂದು ಹೆಚ್ಚಿನ ಪಟ್ಟಿ ಸೇರಿಸಿಬಿಟ್ಟರೆ ಭಾರ ಹೊರಬಹುದಲ್ಲ ಎಂಬುದಕ್ಕೂ ಅವರು ಸೊಪ್ಪು ಹಾಕಲಿಲ್ಲ. ಪಟ್ಟಿ ಹೆಚ್ಚಿದರೆ ಕಮಾನೊಂದು ಬಿಗಿಯಾದೀತು; ಬ್ರೇಕ್, ಟಾಯರು, ಆಕ್ಸಲು ಮೊದಲಿನವೇ ತಾನೆ? ಕಾನೂನಿನ ಭಯವೂ ಉಂಟು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಮಿತಿಮೀರಿದ ಭಾರಕ್ಕೆ ೨೦,೦೦೦ ರೂಪಾಯಿ ದಂಡ. ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ ೨,೦೦೦. ಆದರೆ ದಂಡ ತೆರುವವನು ಗಾಡಿಯವನು, ಲಾಭ ಉಣ್ಣುವವನು ಮಾಲು ಕಳಿಸಿದವನು ಎಂಬುದು ನಮಗೆ ನ್ಯಾಯವಾಗಿ ತೋರುವುದಿಲ್ಲ.

ಸರಿಯಾದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಎಡಕ್ಕೆ ಇಡೀ ಹೊಸ ಕಟ್ಟು ಬಂದಿತು. ಹಳೆಯವುಗಳ ನಡುವೆ ಒಂದೇ ಹೊಸ ಪಟ್ಟಿ ಹಾಕಿದರೆ ಬಾಗು ಹೊಂದುವುದಿಲ್ಲವಂತೆ. ಬಲಗಡೆಯದನ್ನೂ ಬಿಚ್ಚಿ, ತಂತಿಯ ಬ್ರಶ್ಶಿನಿಂದ ತುಕ್ಕು ತಿಕ್ಕಿ, ಒಂದೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿ, ಹೊಸದರ ಬಾಗಿಗೆ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡರು. ಪಟ್ಟಿಗಳ ಮೈಗೆ ಗ್ರ್ಯಾಫೈಟ್ ಬೆರೆತ ಗ್ರೀಸನ್ನು ತೆಳುವಾಗಿ ಸವರಿದರು. ಗ್ರ್ಯಾಫೈಟೂ ಇಂಗಾಲವೇ, ಕೀಲೆಣ್ಣೆಯ ಹುಲ್ಲುಕರಿಯೂ ಇಂಗಾಲವೇ. ಇಲ್ಲಿ ಅಜ್ಜನವರಿಗೆ ಅರ್ಧ ಗೆಲುವು ಸಿಕ್ಕಿತೆಂದು ನಾವು ಮನಸ್ಸಿನಲ್ಲೇ ಹಿಗ್ಗಿದೆವು. ಎಲ್ಲ ಗಾಡಿಗಳಿಗೂ ಇದು ಸಲ್ಲುವುದಿಲ್ಲ. ಪಟ್ಟಿಯ ತುದಿಗಳಲ್ಲಿ ಪ್ಲಾಸ್ಟಿಕ್ಕಿನ ಬಿಲ್ಲೆಗಳಿದ್ದರೆ ಸವೆದ ಬಿಲ್ಲೆಗಳನ್ನು ಬದಲಿಸುವುದೇ ಮದ್ದು. ಏನನ್ನೂ ಹಚ್ಚಬಾರದೆನ್ನುವ ಕೈಪಿಡಿಗಳೂ ಇವೆ. ಗಾಡಿಯ ಕೈಪಿಡಿಯನ್ನು ಓದಿ ನೋಡಬೇಕು.

ಯು ಬೋಲ್ಟುಗಳನ್ನು ಹೊಸದಾಗಿಯೇ ಹಾಕಿದರು. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಮತ್ತೆ ಅದೇ ಬಿಗಿತ ಕೊಡುವುದಿಲ್ಲ. ಬಿಗಿಯುವಾಗ ಕರ್ಣಾಕಾರದಲ್ಲಿ, ಒಂದಿಷ್ಟು ಈ ಮೂಲೆ, ಒಂದಿಷ್ಟು ಆ ಮೂಲೆ ಎಂಬಂತೆ, ಬಿಗಿತ ಅಳೆಯುವ ಪಾನಾದಿಂದ ಬಿಗಿದರು. ಕಣ್ಣುಗಳ ಬೋಲ್ಟುಗಳನ್ನು ಮಾತ್ರ ಸಡಿಲಾಗಿಯೇ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರದ ಮೇಲೆ ಕುಳಿತ ಬಳಿಕ ಬಿಗಿದರು. ನಾವು ಕಾರಣ ಕೇಳಿದೆವು. ಎತ್ತಿದ ಗಾಡಿಯಲ್ಲಿ ಬಿಗಿದರೆ ರಬ್ಬರು ಆ ತೂಗುವ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿದಾಗ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಿರುಗುಟ್ಟುತ್ತಲೂ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಹೊಸ ಬುಶ್ಶು ಹಾಕಿದ ತಿಂಗಳಲ್ಲೇ ಸದ್ದು ಮರಳಲು ಇದೊಂದೇ ಕಾರಣವಂತೆ. ಕೆಲವು ನೂರು ಕಿಲೋಮೀಟರು ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಂಡು ಹೋಗಲು ಹೇಳಿದರು.

ಹೊರಡುವಾಗ ಮಿಸ್ತ್ರಿಯವರು ನಮ್ಮ ಕಿಸೆಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಕಂಡು ಕೇಳಿ ಪಡೆದರು. ಪಟ್ಟಿಗಳನ್ನು ಅಪ್ಪಿದ ಯು ಬೋಲ್ಟಿನ ಬಳಿ, ಮೇಲಿನ ಪಟ್ಟಿಯಿಂದ ಆಕ್ಸಲಿನ ಗದ್ದಿಗೆಯವರೆಗೆ, ನೇರವಾಗಿ ಒಂದು ಗೆರೆ ಎಳೆದರು. ತುದಿಗಳಲ್ಲಿ ಪಟ್ಟಿಗಳು ಸರಿಯಲೇಬೇಕು. ನಡುವೆ, ಹಿಡಿತದೊಳಗೆ, ಅವು ಎಳ್ಳಷ್ಟೂ ಕದಲಕೂಡದು. ಗೆರೆ ತುಂಡಾಗಿ ಮೆಟ್ಟಿಲಾದರೆ, ಇಲ್ಲವೇ ಅಲ್ಲಿ ಕೆಂಪು ಪುಡಿ ಉದುರಿದರೆ, ಸದ್ದು ಬರಲಿ ಬಾರದಿರಲಿ, ಗಾಡಿಯನ್ನು ನೇರವಾಗಿ ತಮ್ಮಲ್ಲಿಗೆ ತರತಕ್ಕದ್ದೆಂದರು. ಇದನ್ನು ನೋಡುವ ಕೆಲಸವನ್ನು ಅವರು ತಂದೆಗೆ ಒಪ್ಪಿಸದೆ ಹುಡುಗನಿಗೆ ಒಪ್ಪಿಸಿದರು.

ಈ ವರ್ಷವೂ ಸಮ್ಮೇಳನಕ್ಕೆ ಕುರ್ಚಿಗಳನ್ನು ತಂದದ್ದು ಅದೇ ಗಾಡಿ. ಒಣ ಹವೆಯಾದುದರಿಂದ ಉಬ್ಬಿನ ಮೇಲೆ ಒಂದು ಸಣ್ಣ ‘ಕಿರ್’ ಎಂದಿತು. ಕೆಲವರು ನಕ್ಕರು. ಒಂಬತ್ತನೆಯ ಇಯತ್ತೆಗೆ ಬಂದಿರುವ ಆ ಹುಡುಗನು ಈ ಸಲ ಮರೆಗೆ ಸರಿಯಲಿಲ್ಲ; ಗಾಡಿ ನಿಂತೊಡನೆ ಹಿಂಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಗ್ಗಿ ನೋಡಿ, “ಗೆರಿ ನೆಟ್ಟಗೈತ್ರಿ ಸರ್” ಎಂದನು. ಪ್ರತಿ ರವಿವಾರ ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆಯುತ್ತಾನೆ. ಸೀಮೆಸುಣ್ಣವನ್ನು ನಮ್ಮ ಮೇಜಿನಿಂದಲೇ ಕೇಳಿ ಒಯ್ಯುತ್ತಾನೆ.